ನಗರದ ಕೊಳಚೆ ನೀರು ಮತ್ತು ಹೊಲದ ಮಣ್ಣು

ನಗರಗಳು ಬಳಸಿ ಬಿಟ್ಟ ನೀರನ್ನು ಬೇಸಾಯಕ್ಕೆ ಹಾಯಿಸುವುದು ಸರಿಯೇ ತಪ್ಪೇ ಎಂಬ ಪ್ರಶ್ನೆಗೆ ಎರಡು ತುದಿಗಳಿಂದ ಉತ್ತರ ಬರುತ್ತದೆ. ಈ ನೀರು ಗೊಬ್ಬರವನ್ನು ತನ್ನೊಳಗೇ ಹೊತ್ತು ತರುತ್ತದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ, ಆದ್ದರಿಂದ ಬರಪೀಡಿತ ಸೀಮೆಗಳಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ ಎಂದು ನೀರಾವರಿ ಯೋಜನೆಗಳನ್ನು ರೂಪಿಸುವವರು ಹೇಳಿದರೆ, ಇದನ್ನು ಹೊಲಕ್ಕೆ ಬಿಡುವುದೆಂದರೆ ಅನ್ನದ ಬುಡಕ್ಕೆ ವಿಷ ಹಾಕುವುದೆಂದು ಪರಿಸರದ ಹಿತ ಬಯಸುವವರು ಹೇಳುತ್ತಾರೆ. ಎರಡೂ ಮಾತುಗಳಿಗೆ ಆಧಾರವಿದೆ. ಆದರೆ ಎರಡೂ ಕಾಲುವೆಯಲ್ಲಿ ಹರಿಯುವ ನೀರನ್ನು ನೋಡಿ ಆಡಿದ ಮಾತುಗಳು, ಆ ನೀರನ್ನು ಇಪ್ಪತ್ತು, ನಲವತ್ತು ವರ್ಷ ಕುಡಿದ ಮಣ್ಣನ್ನು ನೋಡಿ ಆಡಿದವಲ್ಲ. ಕೊಳಚೆ ನೀರಿನಲ್ಲಿರುವ ವಸ್ತುಗಳಲ್ಲಿ ಕೆಲವನ್ನು ಪೈರು ಹೀರಿ ಮುಗಿಸುತ್ತದೆ, ಕೆಲವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಅರಗಿಸುತ್ತವೆ, ಇನ್ನು ಕೆಲವನ್ನು ಪೈರು ಹೀರಿ ಮುಗಿಸಲಾರದು, ಜೀವಿಗಳು ಅರಗಿಸಲಾರವು, ಮಳೆಯೂ ಪೂರ್ತಿ ತೊಳೆಯಲಾರದು. ಈ ನೀರಾವರಿಯ ಒಳಿತು ಕೆಡುಕುಗಳು ನಿರ್ಧಾರವಾಗುವುದು ಮೂರನೆಯ ಬಗೆಯ ವಸ್ತುಗಳ ಮೊತ್ತದಿಂದ. ದುರದೃಷ್ಟವೆಂದರೆ ಸದ್ಯದ ವ್ಯವಸ್ಥೆ ಅತಿ ಕಡಿಮೆ ಅಳೆಯುವುದು ಆ ಮೊತ್ತವನ್ನೇ.

ಬಳಸಬೇಕೋ ಬೇಡವೋ ಎಂಬ ಹಂತವನ್ನು ಈ ಚರ್ಚೆ ದಾಟಿ ಬಹಳ ಕಾಲವಾಗಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020–21ರ ಲೆಕ್ಕದಂತೆ ಭಾರತದ ನಗರ ಪ್ರದೇಶಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಹುಟ್ಟುತ್ತಿತ್ತು, ಅದರಲ್ಲಿ ನಿಜವಾಗಿ ಶುದ್ಧೀಕರಣಗೊಳ್ಳುತ್ತಿದ್ದುದು 20,236 ದಶಲಕ್ಷ ಲೀಟರ್ ಮಾತ್ರ. ಉಳಿದದ್ದು ಹಳ್ಳ, ನಾಲೆ, ಕೆರೆ, ನದಿಗಳನ್ನು ಸೇರಿ ಕೊನೆಗೆ ಯಾವುದೋ ಅಚ್ಚುಕಟ್ಟಿನ ತೂಬಿನಿಂದಲೋ ರೈತರ ಪಂಪಿನಿಂದಲೋ ಹೊಲಕ್ಕೆ ಏರುತ್ತದೆ. ನಗರಗಳಿಂದ ಕೆಳಹರಿವಿನ ದಿಕ್ಕಿನಲ್ಲಿ 40 ಕಿಲೋಮೀಟರಿನೊಳಗೆ ಇಂಥ ನೀರನ್ನು ಬಹುಮಟ್ಟಿಗೆ ನೆಚ್ಚಿದ ನೀರಾವರಿ ಭೂಮಿ ಜಗತ್ತಿನಲ್ಲಿ ಸುಮಾರು 3.6 ಕೋಟಿ ಹೆಕ್ಟೇರ್ ಇದೆಯೆಂದು 2017ರ ಒಂದು ಅಧ್ಯಯನ ಅಂದಾಜು ಮಾಡಿತು. ಬೆಂಗಳೂರಿನ ಸುತ್ತ ಮೋರಿ ನೀರೆಂದೂ ಹುಬ್ಬಳ್ಳಿ–ಧಾರವಾಡದ ಕಡೆ ಗಟಾರದ ನೀರೆಂದೂ ಕರೆಯುವ ಈ ನೀರು ಯಾವ ಸರ್ಕಾರಿ ಯೋಜನೆಯೂ ಹುಟ್ಟುವ ಮೊದಲೇ ಸೊಪ್ಪಿನ ಮಡಿಗಳನ್ನೂ ಹುಲ್ಲಿನ ತಾಕುಗಳನ್ನೂ ಸಾಕುತ್ತಿತ್ತು.

ರೈತರು ಇದನ್ನು ಬಯಸುವುದು ಅಜ್ಞಾನದಿಂದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಮನೆಗಳಿಂದ ಬರುವ ಕೊಳಚೆ ನೀರಿನಲ್ಲಿ ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಪಾಲು ಬರಿಯ ನೀರೇ. ಉಳಿದ ಒಂದು ಪಾಲಿನಲ್ಲಿ ಸಾವಯವ ವಸ್ತು, ಲವಣಗಳು, ಸೂಕ್ಷ್ಮಜೀವಿಗಳು ಮತ್ತು ಪೋಷಕಾಂಶಗಳೆಲ್ಲ ಅಡಗಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತನ್ನ ಮಾರ್ಗದರ್ಶಿಯಲ್ಲಿ ಮಾದರಿಯಾಗಿ ಇಟ್ಟುಕೊಂಡ ಅಂಕಿಗಳಂತೆ, ರೂಢಿಯ ಶುದ್ಧೀಕರಣ ಮುಗಿಸಿ ಹೊರಬಂದ ನೀರಿನಲ್ಲೂ ಲೀಟರಿಗೆ 50 ಮಿಲಿಗ್ರಾಂ ಸಾರಜನಕ, 10 ಮಿಲಿಗ್ರಾಂ ರಂಜಕ, 30 ಮಿಲಿಗ್ರಾಂ ಪೊಟ್ಯಾಷಿಯಂ ಉಳಿದಿರಬಹುದು. ಒಂದು ಹೆಕ್ಟೇರಿಗೆ ವರ್ಷದಲ್ಲಿ 5,000 ಘನಮೀಟರ್, ಅಂದರೆ ಹೊಲದ ಮೇಲೆ ಒಟ್ಟು ಅರ್ಧ ಮೀಟರ್ ಆಳ ನಿಲ್ಲುವಷ್ಟು ನೀರು ಹಾಯಿಸಿದರೆ, ಅದರೊಂದಿಗೆ 250 ಕಿಲೋ ಸಾರಜನಕ, 50 ಕಿಲೋ ರಂಜಕ, 150 ಕಿಲೋ ಪೊಟ್ಯಾಷಿಯಂ ಪುಕ್ಕಟೆಯಾಗಿ ಬಂದು ಬೀಳುತ್ತವೆ. ಯೂರಿಯಾ ಚೀಲಕ್ಕೆ ಸಾಲಿನಲ್ಲಿ ನಿಲ್ಲುವ ಬೇಸಾಯಗಾರನ ಮಟ್ಟಿಗೆ ಇದು ಸಣ್ಣ ಉಳಿತಾಯವಲ್ಲ. ಇದರ ಜೊತೆಗೆ ಬರುವ ಸಾವಯವ ವಸ್ತು, ಕೊಟ್ಟಿಗೆ ಗೊಬ್ಬರ ಕಾಣದೆ ಬಡವಾದ ಮಣ್ಣಿನಲ್ಲಿ ಇಂಗಾಲದ ಅಂಶವನ್ನು ಹೆಚ್ಚಿಸಿ, ಮಣ್ಣು ಹುಡಿಹುಡಿಯಾಗಿ ನೀರು ಹಿಡಿದಿಡುವಂತೆ ಮಾಡುತ್ತದೆ. ಮೆಕ್ಸಿಕೋ ನಗರದ ಕೊಳಚೆ ನೀರನ್ನು ಒಂದು ಶತಮಾನಕ್ಕೂ ಮಿಕ್ಕಿ ಕುಡಿಯುತ್ತ ಬಂದಿರುವ ಮೆಸ್ಕಿತಾಲ್ ಕಣಿವೆಯಲ್ಲಿ ಒಂದು ಕಾಲದ ಕುರುಚಲು ಬಯಲು ಮುಸುಕಿನ ಜೋಳ ಮತ್ತು ಕುದುರೆಮಸಾಲೆ ಹುಲ್ಲಿನ ಹಸಿರು ನಾಡಾಗಿ, ನೆಲದಡಿಯ ಜಲಮಟ್ಟವೂ ಮೇಲೇರಿತು. ಆ ಕಣಿವೆಗೆ ಅಟೊಟೊನಿಲ್ಕೊದ ಬೃಹತ್ ಶುದ್ಧೀಕರಣ ಘಟಕ ಬಂದಾಗ ನೀರಿನೊಳಗಿನ ಗೊಬ್ಬರ ಕೈತಪ್ಪುತ್ತದೆಂದು ಅಲ್ಲಿನ ರೈತರೇ ಆತಂಕಪಟ್ಟರು. ಆ ಆತಂಕವನ್ನು ಹಗುರವಾಗಿ ಕಾಣುವ ಯಾವ ನೀತಿಯೂ ರೈತರ ವಿಶ್ವಾಸ ಗಳಿಸಲಾರದು.

ಆದರೆ ಕಾಲುವೆಯಲ್ಲಿ ಬರುವ ಈ ಗೊಬ್ಬರಕ್ಕೆ ಹೊತ್ತುಗೊತ್ತು ಇಲ್ಲ. ನೀರಾವರಿಯ ರಾಗಿಗೆ ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡುವ ಸಾರಜನಕ ಹೆಕ್ಟೇರಿಗೆ 100 ಕಿಲೋ. ಅದನ್ನೂ ಬಿತ್ತುವಾಗ ಒಂದಿಷ್ಟು, ತೆಂಡೆಯೊಡೆಯುವಾಗ ಒಂದಿಷ್ಟು ಎಂದು ಕಂತಿನಲ್ಲಿ ಕೊಡಬೇಕು, ತೆನೆ ಹೊರಡುವ ಹೊತ್ತಿಗೆ ನಿಲ್ಲಿಸಬೇಕು. ಕೊಳಚೆ ನೀರಿನಲ್ಲಿ ಹಾಗೆ ನಿಲ್ಲಿಸಲು ಬರುವುದಿಲ್ಲ, ಏಕೆಂದರೆ ನೀರು ಬೇಕಾದ ದಿನವೆಲ್ಲ ಸಾರಜನಕವೂ ಬರುತ್ತದೆ. ಆಗ ಪೈರು ಎಲೆಯಾಗಿಯೇ ಬೆಳೆಯುತ್ತದೆ, ಕಡ್ಡಿ ಮೆತ್ತಗಾಗಿ ತೆನೆಯ ಭಾರಕ್ಕೆ ನೆಲಕ್ಕೊರಗುತ್ತದೆ, ಕಾಳು ಕಟ್ಟುವುದು ತಡವಾಗುತ್ತದೆ, ಭತ್ತದಲ್ಲಿ ಬೆಂಕಿ ರೋಗವೂ ರಸ ಹೀರುವ ಕೀಟಗಳೂ ಹೆಚ್ಚುತ್ತವೆ. ಹುಬ್ಬಳ್ಳಿ–ಧಾರವಾಡದ ಸುತ್ತಲ ಹಳ್ಳಿಗಳಲ್ಲಿ ಎರಡು ದಶಕಗಳ ಹಿಂದೆ ನಡೆದ ಅಧ್ಯಯನಗಳು ಗುರುತಿಸಿದ ಒಂದು ಸಂಗತಿಯೆಂದರೆ, ಗಟಾರದ ನೀರಿನ ಹೊಲಗಳಲ್ಲಿ ಗೊಬ್ಬರದ ಖರ್ಚು ಇಳಿದರೂ ಕಳೆ ಮತ್ತು ಕೀಟಗಳ ಕಾಟ ಏರಿ, ಕೀಟನಾಶಕದ ಬಳಕೆ ಹೆಚ್ಚಾಗಿತ್ತು. ಅಂದರೆ ಉಳಿತಾಯದ ಒಂದು ಭಾಗ ಇನ್ನೊಂದು ವಿಷದ ರೂಪದಲ್ಲಿ ಹೊಲಕ್ಕೇ ಮರಳುತ್ತಿತ್ತು.

ಬೆಳೆಯ ಆಯ್ಕೆ ಈ ಕಾರಣದಿಂದಲೇ ತಾನಾಗಿ ಬದಲಾಗುತ್ತದೆ. ಬಿಡದಿಯ ಬಳಿ ವೃಷಭಾವತಿಗೆ ಅಡ್ಡಲಾಗಿ 1940ರ ದಶಕದಲ್ಲಿ ಕಟ್ಟಿದ ಬೈರಮಂಗಲ ಜಲಾಶಯ ಭತ್ತದ ಅಚ್ಚುಕಟ್ಟಿಗಾಗಿ ಹುಟ್ಟಿದ್ದು. ಬೆಂಗಳೂರಿನ ಪಶ್ಚಿಮ ಭಾಗದ ಮನೆಗಳ ಮತ್ತು ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ನೀರು ಅದನ್ನು ತುಂಬತೊಡಗಿದ ಮೇಲೆ ಭತ್ತ ಹಿಂದೆ ಸರಿದು ಸೀಮೆಹುಲ್ಲು, ಹಿಪ್ಪುನೇರಳೆ, ಬೇಬಿ ಕಾರ್ನ್, ತೆಂಗು ಮುಂದೆ ಬಂದವು. ಹೈದರಾಬಾದಿನ ಕೆಳಗೆ ಮೂಸಿ ನದಿಯ ದಂಡೆಯಲ್ಲೂ ಮೇವಿನ ಪ್ಯಾರಾ ಹುಲ್ಲು ಇದೇ ಬಗೆಯಲ್ಲಿ ಹಬ್ಬಿ ನಗರದ ಎಮ್ಮೆಗಳನ್ನು ಸಾಕಿತು. ಕಾಳಿಗಿಂತ ಎಲೆಯೇ ಬೆಲೆಯಾಗುವ ಬೆಳೆಗೆ ಹೆಚ್ಚಿನ ಸಾರಜನಕ ತೊಂದರೆಯಲ್ಲ ಎಂಬುದನ್ನು ರೈತರು ಪ್ರಯೋಗಾಲಯದ ಸಹಾಯವಿಲ್ಲದೆ ಕಂಡುಕೊಂಡರು. ಮತ್ತು ಈ ಆಯ್ಕೆ ಅವರು ಅಂದುಕೊಂಡದ್ದಕ್ಕಿಂತ ಹೆಚ್ಚು ವಿವೇಕದ್ದು, ಏಕೆಂದರೆ ಹಿಪ್ಪುನೇರಳೆಯ ಎಲೆ ಮನುಷ್ಯರ ಹೊಟ್ಟೆಗೆ ಹೋಗುವುದಿಲ್ಲ, ಹುಲ್ಲಿನಲ್ಲಿ ಸೇರಿದ ಕ್ಯಾಡ್ಮಿಯಂ ಹಸುವಿನ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಕೂಡಿಕೊಂಡು ಹಾಲಿಗೆ ತೀರ ಅಲ್ಪ ಪ್ರಮಾಣದಲ್ಲಷ್ಟೇ ಇಳಿಯುತ್ತದೆ.

ಇನ್ನು ಮಣ್ಣಿನಲ್ಲಿ ಉಳಿದುಬಿಡುವ ವಸ್ತುಗಳ ಮಾತು. ಅವುಗಳಲ್ಲಿ ಮೊದಲನೆಯದು ಉಪ್ಪು, ಅಂದರೆ ಅಡುಗೆಯ ಉಪ್ಪೊಂದೇ ಅಲ್ಲದೆ ನೀರಿನಲ್ಲಿ ಕರಗಿದ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಎಲ್ಲ ಲವಣಗಳು. ಊಟದ ಉಪ್ಪು ಮೂತ್ರದ ಮೂಲಕ, ಬಟ್ಟೆ ಪಾತ್ರೆ ತೊಳೆಯುವ ಪುಡಿಗಳ ಮೂಲಕ, ಗಡಸು ಕೊಳವೆಬಾವಿ ನೀರಿನ ಮೂಲಕ ಇವು ಚರಂಡಿ ಸೇರುತ್ತವೆ. ಕರಗಿದ ಲವಣದ ಪ್ರಮಾಣವನ್ನು ನೀರಿನ ವಿದ್ಯುತ್ ವಾಹಕತೆಯಿಂದ ತಿಳಿಯುತ್ತಾರೆ. ಮೀಟರಿಗೆ ಒಂದು ಡೆಸಿಸೀಮೆನ್ಸ್ ಎಂಬ ಅಳತೆಯ ನೀರೆಂದರೆ ಲೀಟರಿನಲ್ಲಿ ಹೆಚ್ಚುಕಡಿಮೆ 640 ಮಿಲಿಗ್ರಾಂ ಲವಣವಿರುವ ನೀರು. ಕುಡಿದರೆ ನಾಲಿಗೆಗೆ ಅಷ್ಟಾಗಿ ತಿಳಿಯದ ಇಂಥ ನೀರನ್ನು ಹೆಕ್ಟೇರಿಗೆ 5,000 ಘನಮೀಟರಿನಂತೆ ಹಾಯಿಸಿದರೆ ವರ್ಷಕ್ಕೆ 3.2 ಟನ್ ಲವಣ ಹೊಲಕ್ಕೆ ಬೀಳುತ್ತದೆ. ನೀರು ಆವಿಯಾಗಿ, ಎಲೆಗಳ ಮೂಲಕ ಉಸಿರಾಗಿ ಹೋದಾಗ ಉಪ್ಪು ಅಲ್ಲಿಯೇ ಉಳಿಯುತ್ತದೆ. ಶುದ್ಧೀಕರಣ ಘಟಕ ಇದಕ್ಕೆ ಪರಿಹಾರವೆಂಬ ನಂಬಿಕೆ ವ್ಯಾಪಕವಾಗಿದ್ದರೂ ತಪ್ಪು: ಮೊದಲ ಹಂತದಲ್ಲಿ ಗಸಿ ತಳಕ್ಕಿಳಿಯುತ್ತದೆ, ಎರಡನೆಯ ಹಂತದಲ್ಲಿ ಸೂಕ್ಷ್ಮಜೀವಿಗಳು ಸಾವಯವ ಕೊಳೆಯನ್ನು ತಿನ್ನುತ್ತವೆ, ಮೂರನೆಯ ಹಂತದಲ್ಲಿ ಸೋಸುವುದು, ಪೋಷಕಾಂಶ ತೆಗೆಯುವುದು, ರೋಗಾಣು ಕೊಲ್ಲುವುದು ನಡೆಯುತ್ತದೆ, ಕರಗಿದ ಉಪ್ಪು ಮೂರೂ ಹಂತಗಳನ್ನು ದಾಟಿ ಹಾಗೆಯೇ ಹೊರಬರುತ್ತದೆ. ಅದನ್ನು ತೆಗೆಯಲು ಒತ್ತಡದ ಪೊರೆಗಳ ಮೂಲಕ ನೀರನ್ನು ಹಾಯಿಸುವ ದುಬಾರಿ ವಿಧಾನವೇ ಬೇಕು, ಬೇಸಾಯದ ನೀರಿಗಾಗಿ ಅಷ್ಟು ಖರ್ಚು ಮಾಡುವ ಊರುಗಳು ವಿರಳ.

ಉಪ್ಪಿಗೆ ಎಲ್ಲ ಬೆಳೆಗಳೂ ಒಂದೇ ರೀತಿ ಸ್ಪಂದಿಸುವುದಿಲ್ಲ. ಮಣ್ಣಿನ ರಸದ ವಾಹಕತೆ 1 ಡೆಸಿಸೀಮೆನ್ಸ್ ದಾಟಿದೊಡನೆ ಹುರುಳಿಕಾಯಿ ಸೊರಗತೊಡಗಿ, ಮುಂದಿನ ಪ್ರತಿ ಒಂದು ಅಂಶಕ್ಕೆ ಶೇಕಡಾ 19ರಷ್ಟು ಇಳುವರಿ ಕಳೆದುಕೊಳ್ಳುತ್ತದೆ; ಕ್ಯಾರೆಟ್ ಕೂಡ ಅದೇ ಮಟ್ಟದಲ್ಲಿ ಸೋಲತೊಡಗುತ್ತದೆ; ಟೊಮೆಟೊ 2.5ರವರೆಗೆ, ಭತ್ತ 3ರವರೆಗೆ ತಡೆಯುತ್ತವೆ. ಹತ್ತಿ ಮಾತ್ರ 7.7ರವರೆಗೂ ಹಿಂಜರಿಯುವುದಿಲ್ಲ. ಹೀಗಾಗಿ ಉಪ್ಪಿನ ನಷ್ಟ ಒಂದೇ ವರ್ಷದಲ್ಲಿ ಹೊಲವನ್ನು ಬರಡು ಮಾಡದೆ, ಬೆಳೆಯಬಲ್ಲ ಬೆಳೆಗಳ ಪಟ್ಟಿಯನ್ನು ಮೆಲ್ಲಮೆಲ್ಲನೆ ಕುಗ್ಗಿಸುತ್ತ ಹೋಗುತ್ತದೆ. ಬೀನ್ಸ್ ಬಿಟ್ಟು ಟೊಮೆಟೊ, ಟೊಮೆಟೊ ಬಿಟ್ಟು ಹುಲ್ಲು ಎಂದು ಸರಿದುಹೋದ ರೈತನಿಗೆ ತಾನು ಸರಿದದ್ದು ಮಾರುಕಟ್ಟೆಯ ಕಾರಣಕ್ಕೋ ಮಣ್ಣಿನ ಕಾರಣಕ್ಕೋ ಎಂಬುದೇ ಸ್ಪಷ್ಟವಾಗದಿರಬಹುದು.

ಲವಣಗಳ ಒಟ್ಟು ಮೊತ್ತಕ್ಕಿಂತ ಗೂಢವಾದ ಕೆಲಸ ಮಾಡುವುದು ಸೋಡಿಯಂ. ಮಣ್ಣಿನ ಜೇಡಿಕಣಗಳು ಒಂದನ್ನೊಂದು ಹಿಡಿದು ಸಣ್ಣ ಹರಳುಗಳಾಗಿ ನಿಲ್ಲುವುದು ಮುಖ್ಯವಾಗಿ ಅವುಗಳ ಮೈಗೆ ಅಂಟಿದ ಕ್ಯಾಲ್ಸಿಯಂನ ಬಲದಿಂದ. ಆ ಹರಳುಗಳ ನಡುವಣ ಸಂದುಗಳಲ್ಲಿಯೇ ನೀರು ಇಳಿಯುತ್ತದೆ, ಗಾಳಿ ಆಡುತ್ತದೆ, ಬೇರು ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗೆ ಹೋಲಿಸಿದರೆ ಸೋಡಿಯಂ ಎಷ್ಟಿದೆಯೆಂದು ತೋರಿಸುವ ಅಳತೆಗೆ ಸೋಡಿಯಂ ಹೀರಿಕೆಯ ಅನುಪಾತವೆಂದು ಹೆಸರು. ಈ ಅನುಪಾತ ಹೆಚ್ಚಿದ ನೀರು ವರ್ಷಗಟ್ಟಲೆ ಹರಿದರೆ ಸೋಡಿಯಂ ಮೆಲ್ಲನೆ ಕ್ಯಾಲ್ಸಿಯಂನ ಜಾಗವನ್ನು ಆಕ್ರಮಿಸುತ್ತದೆ, ಹರಳುಗಳು ಬಿಡಿಬಿಡಿ ಕಣಗಳಾಗಿ ಚದರಿ ಸಂದುಗಳನ್ನು ಮುಚ್ಚುತ್ತವೆ, ನೆಲದ ಮೇಲ್ಮೈ ಒದ್ದೆಯಾದಾಗ ರಾಡಿಯಾಗಿ ಒಣಗಿದಾಗ ಹೆಪ್ಪುಗಟ್ಟಿ ಮೊಳಕೆಗೂ ದಾರಿ ಕೊಡದಂತಾಗುತ್ತದೆ. ಇದರಲ್ಲಿ ಮೋಸಗೊಳಿಸುವ ಅಂಶವೊಂದಿದೆ: ಉಪ್ಪಿನ ನೀರು ಹರಿಯುತ್ತಿರುವಷ್ಟು ಕಾಲ ಅದರಲ್ಲಿನ ಇತರ ಲವಣಗಳ ಸಾಂದ್ರತೆಯೇ ಜೇಡಿಕಣಗಳನ್ನು ಒತ್ತಿ ಹಿಡಿದಿರುತ್ತದೆ, ಮುಂಗಾರಿನ ತಿಳಿ ನೀರು ಬಿದ್ದೊಡನೆ ಆ ಹಿಡಿತ ಸಡಿಲಿ ಮಣ್ಣು ಒಡೆಯುತ್ತದೆ. ಕೆಡುಕನ್ನು ಮಾಡಿದ್ದು ಬೇಸಿಗೆಯ ಕೊಳಚೆ ನೀರು, ಅದು ಕಾಣಿಸಿದ್ದು ಮಳೆಗಾಲದಲ್ಲಿ. ಹಾಗಾಗಿ ದೂರು ಮಳೆಯ ಮೇಲೆ ಹೋಗುತ್ತದೆ.

ಯಾವ ಮಣ್ಣು ಎಂಬುದು ಇಲ್ಲಿ ನಿರ್ಣಾಯಕ. ಧಾರವಾಡ ಸೀಮೆಯ ಎರೆಮಣ್ಣಿನಲ್ಲಿ ಉಬ್ಬಿ ಕುಗ್ಗುವ ಜಾತಿಯ ಜೇಡಿ ಹೆಚ್ಚು; ಅದು ಸೋಡಿಯಂಗೆ ಬೇಗ ತುತ್ತಾಗುತ್ತದೆ, ನೀರು ಬಸಿದುಹೋಗದ ಕಡೆಗಳಲ್ಲಿ ಉತ್ತರ ಕರ್ನಾಟಕದ ರೈತರು ಬಲ್ಲ ಸವಳು–ಜವಳಿನ ದಾರಿ ಹಿಡಿಯುತ್ತದೆ. ಕೋಲಾರದ ಕೆಂಪು ಮಣ್ಣಿನ ಜೇಡಿ ಬೇರೆ ಜಾತಿಯದು, ಉಬ್ಬುವುದು ಕಡಿಮೆ, ನೀರನ್ನು ಬೇಗ ಕೆಳಗಿಳಿಸುತ್ತದೆ. ಉಪ್ಪು ಮೇಲ್ಪದರದಲ್ಲಿ ನಿಲ್ಲದೆ ತೊಳೆದುಹೋಗುವುದರಿಂದ ಹೊಲ ಉಳಿದಂತೆ ಕಂಡರೂ ಆ ಉಪ್ಪು ಸೇರುವುದು ಅಂತರ್ಜಲವನ್ನೇ. ತೊಳೆದುಹೋಯಿತೆಂಬ ಮಾತು ಆದ್ದರಿಂದ ಪೂರ್ತಿ ಸಮಾಧಾನ ತರುವುದಿಲ್ಲ. ಎರೆನೆಲಕ್ಕೆ ಜಿಪ್ಸಂ ಹಾಕಿ ಕ್ಯಾಲ್ಸಿಯಂ ಮರಳಿಸಬಹುದು, ಬಸಿಗಾಲುವೆ ತೆಗೆದು ಉಪ್ಪನ್ನು ಹೊರಹಾಕಬಹುದು, ಆದರೆ ಎರಡಕ್ಕೂ ಹಣ ಬೇಕು. ತ್ಯಾಜ್ಯ ನೀರಿನ ಮರುಬಳಕೆಯಲ್ಲಿ ಜಗತ್ತಿನಲ್ಲೇ ಮುಂದಿರುವ, ತನ್ನ ನಗರಗಳ ಕೊಳಚೆ ನೀರಿನ ಬಹುಪಾಲನ್ನು ಶುದ್ಧೀಕರಿಸಿ ಬೇಸಾಯಕ್ಕೆ ಕೊಡುವ ಇಸ್ರೇಲಿನಲ್ಲೂ, ಜೇಡಿಮಣ್ಣಿನ ಬೆಣ್ಣೆಹಣ್ಣಿನ ತೋಟಗಳು ಇಂಥ ನೀರಿನ ದೀರ್ಘ ಬಳಕೆಯಿಂದ ಸೊರಗಿದ್ದನ್ನು ಅಲ್ಲಿನ ಮಣ್ಣು ವಿಜ್ಞಾನಿಗಳು ದಾಖಲಿಸಿದ್ದಾರೆ. ಗಮನಿಸಬೇಕಾದದ್ದು ಆ ದೇಶ ಹಿಡಿದ ಒಂದು ಉಪಾಯ: ಬಟ್ಟೆ ಒಗೆಯುವ ಪುಡಿಗಳಲ್ಲಿ ಬೋರಾನ್ ಮತ್ತು ಸೋಡಿಯಂ ಎಷ್ಟಿರಬೇಕೆಂದು ಕಾನೂನಿನ ಮೂಲಕವೇ ಮಿತಿ ಹಾಕಿತು, ಏಕೆಂದರೆ ನಿಂಬೆ ಕಿತ್ತಳೆಗಳಿಗೆ ಮಾರಕವಾದ ಬೋರಾನ್ ಒಮ್ಮೆ ನೀರಿಗೆ ಬಿದ್ದರೆ ತೆಗೆಯುವುದು ಕಷ್ಟವೆಂದೂ ನಗರದ ಬಚ್ಚಲಿನಲ್ಲಿಯೇ ತಡೆಯುವುದು ಸುಲಭವೆಂದೂ ಅದಕ್ಕೆ ಮನವರಿಕೆಯಾಗಿತ್ತು.

ಕೋಲಾರದ ಮಾತು ಬಂದಾಗ ಕೆ.ಸಿ. ವ್ಯಾಲಿ ಯೋಜನೆಯನ್ನು ಬಿಟ್ಟು ಮುಂದೆ ಹೋಗಲು ಬರುವುದಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನ ಗುರಿಯೊಂದಿಗೆ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಈ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲ ಕೆರೆಯನ್ನು ಮುಟ್ಟಿತು, ಕೆಲವೇ ವಾರಗಳಲ್ಲಿ ನೊರೆ ಕಾಣಿಸಿಕೊಂಡು ವಿವಾದ ನ್ಯಾಯಾಲಯಗಳ ಮೆಟ್ಟಿಲೇರಿತು. ನೇರ ನೀರಾವರಿ ಇದರ ಗುರಿಯಲ್ಲ, ಕೆರೆಯಲ್ಲಿ ಇಂಗಿದ ನೀರು ಕೊಳವೆಬಾವಿಗಳಿಗೆ ಬರಲೆಂಬುದು ಉದ್ದೇಶ. ಬತ್ತಿದ ಕೊಳವೆಬಾವಿಗಳು ಮರಳಿ ಜೀವ ಹಿಡಿದದ್ದು ಆ ಸೀಮೆಗೆ ದೊರೆತ ದೊಡ್ಡ ನೆಮ್ಮದಿ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಜನರ ಒತ್ತಾಯವೂ ನ್ಯಾಯವಾದದ್ದೇ, ಆದರೆ ಅದರಿಂದ ಉಪ್ಪಿನ ಪ್ರಶ್ನೆ ಬಗೆಹರಿಯುವುದಿಲ್ಲ. ಕೆರೆಯಿಂದ ಇಂಗಿದ ನೀರು ಬಾವಿಗೆ ಬಂದು, ಬಾವಿಯಿಂದ ಟೊಮೆಟೊ ತೋಟಕ್ಕೆ ಏರಿ, ಅಲ್ಲಿ ನೀರಷ್ಟೇ ಆವಿಯಾಗಿ ಉಪ್ಪು ಮತ್ತೆ ಕೆಳಗಿಳಿಯುವ ಈ ಸುತ್ತು ಪ್ರತಿವರ್ಷವೂ ಹೊಸ ಉಪ್ಪನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ದೊಡ್ಡ ಮಳೆಗೆ ಕೆರೆಗಳು ಕೋಡಿ ಬಿದ್ದು ಹರಿದ ವರ್ಷಗಳನ್ನು ಬಿಟ್ಟರೆ ಹೊರಗೆ ಹೋಗುವ ದಾರಿ ಕಿರಿದು. ನೊರೆ ಕಣ್ಣಿಗೆ ಕಾಣಿಸಿತು, ಆದ್ದರಿಂದ ಸುದ್ದಿಯಾಯಿತು. ಈ ಸುತ್ತು ಕಾಣಿಸುವುದಿಲ್ಲ.

ಉಪ್ಪನ್ನು ಮಳೆಯಾದರೂ ಕದಲಿಸುತ್ತದೆ, ಭಾರಲೋಹಗಳನ್ನು ಅದೂ ಕದಲಿಸುವುದಿಲ್ಲ. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕ್ಕಲ್, ತಾಮ್ರ, ಸತು ಮುಂತಾದ ಈ ಲೋಹಗಳು ಮನೆಗಳ ನೀರಿನಲ್ಲಿ ಅತ್ಯಲ್ಪ. ಲೋಹಲೇಪನ, ಬಣ್ಣ, ಬ್ಯಾಟರಿ, ಚರ್ಮ ಹದಮಾಡುವ ಉದ್ಯಮಗಳ ನೀರು ಚರಂಡಿಗೆ ಸೇರಿದಾಗ ಅವು ಏರುತ್ತವೆ. ಆಹಾರ ಮತ್ತು ಕೃಷಿ ಸಂಸ್ಥೆ ನೀರಾವರಿಯ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ಹೇಳಿದ್ದು, ಹೆಕ್ಟೇರಿಗೆ ವರ್ಷಕ್ಕೆ 10,000 ಘನಮೀಟರ್ ನೀರು ಹಾಯಿಸುವ ಲೆಕ್ಕದ ಮೇಲೆ ನಿಂತಿದೆ. ಈ ಮಿತಿಯೊಳಗಿನ ನೀರೇ ಹರಿದರೂ ವರ್ಷಕ್ಕೆ 100 ಗ್ರಾಂ ಕ್ಯಾಡ್ಮಿಯಂ ಆ ಹೆಕ್ಟೇರಿಗೆ ಬರುತ್ತದೆ. ನೇಗಿಲು ಮಗುಚುವ ಹದಿನೈದು ಸೆಂಟಿಮೀಟರ್ ಆಳದ ಮಣ್ಣಿನ ತೂಕ ಸುಮಾರು 2,000 ಟನ್ ಎಂದುಕೊಂಡರೆ ಒಂದು ಕಿಲೋ ಮಣ್ಣಿಗೆ ಪ್ರತಿವರ್ಷ 0.05 ಮಿಲಿಗ್ರಾಂ ಸೇರಿ, ಇಪ್ಪತ್ತು ವರ್ಷಗಳಲ್ಲಿ ಒಂದು ಮಿಲಿಗ್ರಾಂ ಆಗುತ್ತದೆ. ಕೊಳೆಯಿಲ್ಲದ ಮಣ್ಣುಗಳಲ್ಲಿ ಸಾಮಾನ್ಯವಾಗಿ ಅದರ ಅರ್ಧದಷ್ಟೂ ಇರುವುದಿಲ್ಲ. ನೀರಿನ ಪ್ರತಿ ಪರೀಕ್ಷೆಯಲ್ಲೂ ತೇರ್ಗಡೆಯಾದ ನೀರು ಒಂದು ತಲೆಮಾರಿನಲ್ಲಿ ಮಣ್ಣಿನ ಸ್ವರೂಪವನ್ನೇ ಬದಲಿಸಬಲ್ಲದು ಎಂಬುದು ಈ ಸರಳ ಗುಣಾಕಾರದಿಂದ ಸ್ಪಷ್ಟವಾಗುತ್ತದೆ.

ಮಣ್ಣಿಗೆ ಸೇರಿದ ಲೋಹವೆಲ್ಲ ಪೈರಿಗೆ ಏರುವುದಿಲ್ಲ. ಮಣ್ಣಿನ ರಸಸಾರ, ಅಂದರೆ ಅದರ ಆಮ್ಲ ಕ್ಷಾರಗಳ ಅಳತೆ, 6.5ಕ್ಕಿಂತ ಮೇಲಿದ್ದು ಸಾವಯವ ಅಂಶವೂ ಚೆನ್ನಾಗಿದ್ದರೆ ಬಹುತೇಕ ಲೋಹಗಳು ಜೇಡಿಗೂ ಹ್ಯೂಮಸ್‌ಗೂ ಅಂಟಿಕೊಂಡು ಕದಲದೆ ಕೂರುತ್ತವೆ. ಅಮೆರಿಕದ ಕೃಷಿ ವಿಜ್ಞಾನಿ ರೂಫಸ್ ಚೇನಿ 1980ರಲ್ಲಿ ಮುಂದಿಟ್ಟ, ಮಣ್ಣು ಮತ್ತು ಸಸ್ಯಗಳ ನಡುವಣ ತಡೆಗೋಡೆಯೆಂಬ ಪರಿಕಲ್ಪನೆ ಇಲ್ಲಿ ನೆರವಾಗುತ್ತದೆ: ಸೀಸ ಮತ್ತು ಕ್ರೋಮಿಯಂ ಬೇರಿನಲ್ಲೇ ನಿಂತುಬಿಡುತ್ತವೆ, ಸತು, ತಾಮ್ರ, ನಿಕ್ಕಲ್ ಅತಿಯಾದರೆ ತಿನ್ನುವವರಿಗೆ ಅಪಾಯವಾಗುವ ಮೊದಲೇ ಗಿಡ ಹಳದಿಯಾಗಿ ಸಾಯುತ್ತದೆ, ಆದರೆ ಕ್ಯಾಡ್ಮಿಯಂ ಈ ಗೋಡೆಯನ್ನು ದಾಟುತ್ತದೆ, ಗಿಡ ಹಸಿರಾಗಿ ನಳನಳಿಸುತ್ತಿರುವಾಗಲೇ ಅದರ ಎಲೆಯಲ್ಲಿ ಮನುಷ್ಯರಿಗೆ ಹಾನಿಯಾಗುವಷ್ಟು ಕೂಡಿಕೊಂಡಿರಬಲ್ಲದು. ಕಾಳು ಮತ್ತು ಹಣ್ಣುಗಳಿಗಿಂತ ಎಲೆಗಳಲ್ಲಿ ಅದು ಹೆಚ್ಚು ಸೇರುತ್ತದೆ. ಪಾಲಕ್, ದಂಟು, ಮೆಂತ್ಯ, ಕೊತ್ತಂಬರಿಗಳಂಥ ಸೊಪ್ಪುಗಳು ನಗರದಂಚಿನ ಮೋರಿ ನೀರಿನಲ್ಲಿ ಹೆಚ್ಚು ಬೆಳೆಯುವ ಬೆಳೆಗಳೂ ಆಗಿರುವುದು ಕಳವಳದ ಸಂಗತಿ. ಸೊಪ್ಪಿನಲ್ಲಿ ಕಿಲೋಗೆ 0.2 ಮಿಲಿಗ್ರಾಂ ಕ್ಯಾಡ್ಮಿಯಂ ಮೀರಬಾರದೆಂಬುದು ಅಂತರರಾಷ್ಟ್ರೀಯ ಆಹಾರ ಸಂಹಿತೆಯ ಮಿತಿ. ಸಂತೆಯಲ್ಲಿ ಸೊಪ್ಪಿನ ಕಟ್ಟು ಕೈಗೆತ್ತಿಕೊಂಡ ಯಾರಿಗೂ ಅದು ತಿಳಿಯುವ ಬಗೆಯಿಲ್ಲ. ಜಪಾನಿನ ತೊಯಾಮಾ ಪ್ರಾಂತ್ಯದ ಜಿನ್‌ಜೂ ನದಿಯ ಬಯಲಿನಲ್ಲಿ ಕಮಿಯೋಕಾ ಗಣಿಯ ಕ್ಯಾಡ್ಮಿಯಂ ಗದ್ದೆಗಳಿಗೆ ಹರಿದು ಅಕ್ಕಿಯ ಮೂಲಕ ಜನರ ಮೂತ್ರಪಿಂಡ, ಮೂಳೆಗಳನ್ನು ಸೇರಿದಾಗಲೂ ಗದ್ದೆಯ ಪೈರು ಎಚ್ಚರಿಕೆ ಕೊಟ್ಟಿರಲಿಲ್ಲ. ವಯಸ್ಸಾದ ಹೆಂಗಸರ ಮೂಳೆಗಳು ಮುರಿಯತೊಡಗಿದ್ದೇ ಎಚ್ಚರಿಕೆಯಾಯಿತು, 1968ರಲ್ಲಷ್ಟೇ ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿತು. ಅದು ಗಣಿಯ ನೀರು, ನಗರದ ಕೊಳಚೆಯಲ್ಲ ಎಂಬ ವ್ಯತ್ಯಾಸ ನಿಜ; ಲೋಹ ಹೊಲದಿಂದ ದೇಹಕ್ಕೆ ಏರುವ ದಾರಿ ಮಾತ್ರ ಒಂದೇ.

ಅಂಟಿಕೊಂಡು ಕೂತ ಲೋಹ ಯಾವಾಗಲೂ ಹಾಗೆಯೇ ಕೂತಿರುತ್ತದೆಂದು ನಂಬುವಂತೆಯೂ ಇಲ್ಲ. ಕೊಳಚೆ ನೀರು ತರುವ ಸಾವಯವ ವಸ್ತುವೇ ಲೋಹವನ್ನು ಹಿಡಿದಿಟ್ಟಿರುವುದರಿಂದ, ಆ ನೀರು ನಿಂತುಹೋದಾಗ ಹ್ಯೂಮಸ್ ಕರಗುತ್ತ ಹೋಗಿ, ಮಣ್ಣು ಹುಳಿಯಾಗುತ್ತ ಹೋಗಿ, ಹಳೆಯ ಲೋಹ ಬಿಡುಗಡೆಯಾಗಬಹುದು. ಯುರೋಪಿನ ಎರಡು ರಾಜಧಾನಿಗಳ ಅನುಭವ ಇದಕ್ಕೆ ಸಾಕ್ಷಿ. ಬರ್ಲಿನ್ ನಗರ 1870ರ ದಶಕದಿಂದ ತನ್ನ ಕೊಳಚೆಯನ್ನು ಸುತ್ತಲ ಮರಳು ನೆಲದ ಹೊಲಗಳಿಗೆ ಹಾಯಿಸಿ, ಅಂದಿನ ಜಗತ್ತು ಮೆಚ್ಚಿದ ವ್ಯವಸ್ಥೆಯೊಂದನ್ನು ಕಟ್ಟಿತು. ಒಂದು ಶತಮಾನದ ನಂತರ 1980ರ ದಶಕದಲ್ಲಿ ಬುಖ್ ಪ್ರದೇಶದಲ್ಲಿ ಅದನ್ನು ನಿಲ್ಲಿಸಿ ಕಾಡು ಬೆಳೆಸಹೊರಟಾಗ ನೆಟ್ಟ ಸಸಿಗಳು ಎಷ್ಟೋ ಕಡೆ ಏಳಲಿಲ್ಲ, ಲೋಹವನ್ನು ಮತ್ತೆ ಕಟ್ಟಿಹಾಕಲು ಸುಣ್ಣದ ಅಂಶವಿರುವ ಜೇಡಿಮಣ್ಣನ್ನು ಹೊರಗಿನಿಂದ ತಂದು ಬೆರೆಸಬೇಕಾಯಿತು. ಪ್ಯಾರಿಸಿನ ಕೊಳಚೆ ನೀರಿನಲ್ಲಿ ನೂರು ವರ್ಷ ನಗರಕ್ಕೆ ತರಕಾರಿ ಬೆಳೆದುಕೊಟ್ಟ ಪಿಯರ್‌ಲೇ ಬಯಲಿನಲ್ಲಿ ಲೋಹಗಳ ಕಾರಣಕ್ಕೆ 2000ದ ಸುಮಾರಿಗೆ ತರಕಾರಿ ಕೃಷಿಯನ್ನೇ ನಿಷೇಧಿಸಲಾಯಿತು. ನಗರಗಳು ಈ ಹೊಲಗಳಿಂದ ಪಡೆದ ಲಾಭ ತಲೆಮಾರುಗಳ ಹಿಂದೆಯೇ ಖರ್ಚಾಗಿತ್ತು, ಸಾಲ ಮಾತ್ರ ಮಣ್ಣಿನಲ್ಲಿ ಉಳಿದಿತ್ತು.

ರೋಗಾಣುಗಳ ವಿಷಯದಲ್ಲಿ ಇಷ್ಟು ದೀರ್ಘ ಚರ್ಚೆ ಬೇಕಾಗಿಲ್ಲ, ಅವು ಅಲಕ್ಷಿಸತಕ್ಕವೆಂದಲ್ಲ, ಅವುಗಳ ನಿಯಂತ್ರಣದ ದಾರಿ ತಕ್ಕಮಟ್ಟಿಗೆ ತಿಳಿದಿದೆ ಎಂಬ ಕಾರಣಕ್ಕೆ. ಬರಿಗಾಲಿನಲ್ಲಿ ಕಳೆ ಕೀಳುವ ಹೆಂಗಸರಿಗೆ ಕೊಕ್ಕೆಹುಳು, ಹಸಿಯಾಗಿ ತಿನ್ನುವವರಿಗೆ ಜಂತುಹುಳು ಮತ್ತು ಭೇದಿಯ ರೋಗಗಳು ಅಂಟುವ ಅಪಾಯ ನಿಜವಾದದ್ದು. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಇಂಥ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಹುಳುವಿನ ಮೊಟ್ಟೆ ಇರಬಾರದೆಂದು ಮಿತಿ ಹಾಕಿ, 2006ರ ಮಾರ್ಗಸೂಚಿಯಲ್ಲಿ ಹೊಲದಿಂದ ಅಡುಗೆಮನೆಯವರೆಗೆ ಹಲವು ತಡೆಗಳನ್ನು ಒಟ್ಟಿಗೆ ಬಳಸುವ ಮಾರ್ಗ ಹಿಡಿಯಿತು. ನೀರನ್ನು ಕೆಲದಿನ ಹೊಂಡದಲ್ಲಿ ನಿಲ್ಲಿಸಿದರೆ ಮೊಟ್ಟೆಗಳು ತಳಕ್ಕಿಳಿಯುತ್ತವೆ, ಕಟಾವಿಗೆ ಮೊದಲು ಕೆಲದಿನ ನೀರು ನಿಲ್ಲಿಸಿದರೆ ಬಿಸಿಲಿಗೆ ರೋಗಾಣುಗಳು ಸಾಯುತ್ತವೆ. ಔಷಧಗಳ ಉಳಿಕೆಯದು ಹೊಸ ಪ್ರಶ್ನೆ: ಶುದ್ಧೀಕರಿಸಿದ ಕೊಳಚೆ ನೀರಿನಲ್ಲಿ ಬೆಳೆದ ತರಕಾರಿ ತಿಂದವರ ಮೂತ್ರದಲ್ಲಿ ಅಪಸ್ಮಾರದ ಔಷಧ ಕಾರ್ಬಮಜೆಪೈನ್‌ನ ಕುರುಹು ಸಿಕ್ಕಿತೆಂದು ಇಸ್ರೇಲಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದರು.

ಇಷ್ಟನ್ನೆಲ್ಲ ಮುಂದಿಟ್ಟುಕೊಂಡು ನೋಡಿದಾಗ ಸದ್ಯದ ನಿಯಮಗಳು ಏನನ್ನು ಅಳೆಯುತ್ತಿವೆ ಎಂಬ ಪ್ರಶ್ನೆ ಏಳುತ್ತದೆ. ಕೇಂದ್ರ ಪರಿಸರ ಸಚಿವಾಲಯ 2017ರ ಅಕ್ಟೋಬರಿನಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕಗಳಿಗೆ ವಿಧಿಸಿದ ಮಾನದಂಡದಲ್ಲಿ ನಾಲ್ಕೇ ಅಂಶಗಳಿದ್ದವು: ರಸಸಾರ, ತೇಲುವ ಘನವಸ್ತು, ಮಲದ ಬ್ಯಾಕ್ಟೀರಿಯಾ, ಮತ್ತು ಬಿ.ಒ.ಡಿ. ಎಂದು ಕರೆಯುವ, ಕೊಳೆಯನ್ನು ಅರಗಿಸಲು ಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ. 2019ರಲ್ಲಿ ಹಸಿರು ನ್ಯಾಯಮಂಡಳಿ ಇವನ್ನು ಬಿಗಿಗೊಳಿಸಿ ಸಾರಜನಕ, ರಂಜಕಗಳಿಗೂ ಮಿತಿ ಹಾಕಿತು. ಇವೆಲ್ಲ ನದಿಯನ್ನೂ ಮೀನನ್ನೂ ಉಳಿಸಲು ಸರಿಯಾದ ಅಳತೆಗಳು, ಹೊಲವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವಲ್ಲ. ನದಿಗೆ ಮಾರಕವಾದ ಬಿ.ಒ.ಡಿ.ಯನ್ನು ಗಾಳಿಯಾಡುವ ಮಣ್ಣು ತಾನೇ ಅರಗಿಸುತ್ತದೆ. ರೈತನಿಗೆ ಬೇಕಾದ ಸಾರಜನಕಕ್ಕೆ ಮಿತಿ ಬಂತು, ಅವನ ಮಣ್ಣನ್ನು ಕೆಡಿಸುವ ಸೋಡಿಯಂ, ಬೋರಾನ್, ಕ್ಯಾಡ್ಮಿಯಂಗಳು ಆ ಪಟ್ಟಿಗೆ ಸೇರಲಿಲ್ಲ. ಇನ್ನೂ ಹೆಚ್ಚು ಕಳವಳ ಹುಟ್ಟಿಸುವುದು ಕೈಗಾರಿಕೆಗಳು ಸಾರ್ವಜನಿಕ ಒಳಚರಂಡಿಗೆ ಬಿಡಬಹುದಾದ ನೀರಿನ ಮಾನದಂಡ: ಪರಿಸರ ಸಂರಕ್ಷಣಾ ನಿಯಮಗಳು ಅಲ್ಲಿ ಲೀಟರಿಗೆ 1 ಮಿಲಿಗ್ರಾಂ ಕ್ಯಾಡ್ಮಿಯಂಗೆ ಅವಕಾಶ ಕೊಡುತ್ತವೆ. ನೀರಾವರಿಗೆ ಸೂಚಿಸಿದ ಮಿತಿಯ ನೂರುಪಟ್ಟು ಇದು. ಮನೆಗಳ ನೀರು ಬೆರೆತು ಸಾಂದ್ರತೆ ಇಳಿಯುತ್ತದೆಂಬ ಸಮಜಾಯಿಷಿ ನದಿಯ ಮಟ್ಟಿಗೆ ಅರ್ಧ ನಿಜವಿರಬಹುದು, ಮಣ್ಣಿನ ಮಟ್ಟಿಗೆ ಏನೇನೂ ನಿಜವಲ್ಲ. ಎಷ್ಟು ನೀರಿನಲ್ಲಿ ಕರಗಿ ಬಂದರೂ ಮಣ್ಣಿಗೆ ಸೇರುವುದು ಲೋಹದ ಒಟ್ಟು ತೂಕ. ಘಟಕದಲ್ಲಿ ಲೋಹ ಇಳಿಯುತ್ತದೆಂಬ ಮಾತೂ ಪೂರ್ತಿ ಸಮಾಧಾನವಲ್ಲ, ಏಕೆಂದರೆ ಅದು ಇಳಿಯುವುದು ಗಸಿಗೆ, ಆ ಗಸಿ ಗೊಬ್ಬರವೆಂದು ಮತ್ತೆ ಹೊಲಕ್ಕೇ ಹೋಗುತ್ತದೆ.

ಆದ್ದರಿಂದ ಕೊಳಚೆ ನೀರಿನ ನೀರಾವರಿಯನ್ನು ನಿಷೇಧಿಸುವುದರಲ್ಲಿಯೂ ಅರ್ಥವಿಲ್ಲ, ಅದನ್ನು ವರವೆಂದು ಕೊಂಡಾಡುವುದರಲ್ಲಿಯೂ ಅರ್ಥವಿಲ್ಲ. ಮನೆಯ ನೀರು ಮತ್ತು ಕಾರ್ಖಾನೆಯ ನೀರು ಒಂದೇ ಕೊಳವೆಯಲ್ಲಿ ಬೆರೆಯದಂತೆ ತಡೆಯುವುದೇ ಈ ಇಡೀ ವಿಷಯದ ಕೀಲಿ. ಬೆರೆತ ಮೇಲೆ ಯಾವ ರೈತನೂ ಅವನ್ನು ಬೇರ್ಪಡಿಸಲಾರ. ಮನೆಯ ನೀರಷ್ಟೇ ಬಂದರೆ ಉಳಿಯುವ ಮುಖ್ಯ ತೊಂದರೆಗಳು ಉಪ್ಪು ಮತ್ತು ರೋಗಾಣುಗಳು, ಇವೆರಡನ್ನೂ ಜಿಪ್ಸಂ, ಬಸಿಗಾಲುವೆ, ಬೆಳೆಯ ಆಯ್ಕೆ, ನೀರು ನಿಲ್ಲಿಸುವ ಹೊಂಡಗಳ ಮೂಲಕ ಅಂಕೆಯಲ್ಲಿಡಬಹುದು. ಆದರೆ ಅದರ ಖರ್ಚನ್ನು ಹೊರಬೇಕಾದವರು ಯಾರು ಎಂಬಲ್ಲಿ ನ್ಯಾಯದ ಪ್ರಶ್ನೆಯಿದೆ. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ತರಲು ಹಣವಿರುವ ನಗರ, ತಾನು ಬಳಸಿ ಬಿಟ್ಟ ನೀರಿನೊಂದಿಗೆ ಹೋಗುವ ಉಪ್ಪನ್ನು ಅಂಕೆಯಲ್ಲಿಡುವ ಖರ್ಚನ್ನು ರೈತನ ತಲೆಗೆ ಕಟ್ಟುವುದು ಸಲ್ಲದು. ಜಿಪ್ಸಂ, ಬಸಿಗಾಲುವೆ, ಮಣ್ಣು ಪರೀಕ್ಷೆಗಳ ಹಣ ನಗರದ ನೀರಿನ ಬಿಲ್ಲಿನಿಂದ ಬರಬೇಕು.

ಮಣ್ಣು ಪರೀಕ್ಷೆಗೆ ಒಂದು ಕಾಲವಿದೆ, ಅದು ಕಳೆದರೆ ಮರಳಿ ಸಿಗುವುದಿಲ್ಲ. ಬೈರಮಂಗಲದ ಅಚ್ಚುಕಟ್ಟಿನ ಮಣ್ಣಿನಲ್ಲಿ ಇಂದು ಸಿಗುವ ಲೋಹದಲ್ಲಿ ಎಷ್ಟು ನೆಲದ ಸಹಜ ಶಿಲೆಯಿಂದ ಬಂದದ್ದು, ಎಷ್ಟು ನಗರ ಕಳಿಸಿದ್ದು ಎಂದು ಖಚಿತವಾಗಿ ಹೇಳುವುದು ಕೊಳಚೆ ಬರುವ ಮೊದಲಿನ ಮಣ್ಣಿನ ಮಾದರಿಗಳು ಇಲ್ಲದಿದ್ದರೆ ಕಷ್ಟ. ವೃಷಭಾವತಿ ಕಣಿವೆಯ ನೀರನ್ನು ನೆಲಮಂಗಲ, ತುಮಕೂರುಗಳ ಕಡೆಯ ಕೆರೆಗಳಿಗೆ ಒಯ್ಯುವ ಯೋಜನೆಯ ವ್ಯಾಪ್ತಿಯಲ್ಲಿ ಈ ನೀರು ಇನ್ನೂ ಮುಟ್ಟದ ಹೊಲಗಳಿರುವಷ್ಟು ದಿನ ಆ ಅವಕಾಶ ಇದೆ. ಪ್ರತಿ ಕೆರೆಯ ಅಚ್ಚುಕಟ್ಟಿನಿಂದ, ಪ್ರತಿ ಬಗೆಯ ಮಣ್ಣಿನಿಂದ ಮಾದರಿಗಳನ್ನು ಮೊದಲ ನೀರು ಬರುವ ಮುನ್ನವೇ ತೆಗೆದು, ವಾಹಕತೆ, ಸೋಡಿಯಂ, ಬೋರಾನ್, ಕ್ಯಾಡ್ಮಿಯಂ, ಸೀಸ, ನಿಕ್ಕಲ್, ಕ್ರೋಮಿಯಂಗಳನ್ನು ಅಳೆದು, ಫಲಿತಾಂಶವನ್ನು ಆಯಾ ಗ್ರಾಮ ಪಂಚಾಯಿತಿಯಲ್ಲಿ ರೈತರ ಕಣ್ಣಿಗೆ ಬೀಳುವಂತೆ ಇಟ್ಟು, ಅದೇ ಹೊಲಗಳಲ್ಲಿ ಮೂರು ವರ್ಷಕ್ಕೊಮ್ಮೆ ಅದನ್ನೇ ಮತ್ತೆ ಮಾಡುವುದು ತಂತ್ರಜ್ಞಾನದ ದೃಷ್ಟಿಯಿಂದ ಕಷ್ಟದ ಕೆಲಸವಲ್ಲ. ಕೃಷಿ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳು ಅದನ್ನು ಮಾಡಬಲ್ಲವು, ಯೋಜನೆಯ ಒಟ್ಟು ವೆಚ್ಚದಲ್ಲಿ ಅದರ ಪಾಲು ತೀರ ಸಣ್ಣದು. ನೀರು ಹರಿಯಲಾರಂಭಿಸಿದ ಮೇಲೆ ತೆಗೆದ ಯಾವ ಮಾದರಿಯೂ ಆ ಮೊದಲ ಮಾದರಿಯ ಸ್ಥಾನ ತುಂಬಲಾರದು.